ಹನ್ನೆರಡು ದಿನದ ಬಾಣಂತನ

ತಾಷ್ಕೆಂಟಿನ ಒಂದು ರಕ್ತರೋಗ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಮುಕರ್ರಮ್ ಓಪಾ ನಂಬುತ್ತಿದ್ದದ್ದು ಎರಡನ್ನೇ: ತನ್ನ ಕಣ್ಣು, ತನ್ನ ಸೊಂಟದ ಬೀಗದಕೈ ಗೊಂಚಲು. ಮಿಕ್ಕ ಪ್ರಪಂಚವೆಲ್ಲ ವಿಚಾರಣೆಗೆ ಬಾಕಿ ಇತ್ತು. ಬಜಾರಿನಲ್ಲಿ ಕರ್ಬೂಜ ಕೊಳ್ಳುವಾಗ ಮೂರು ಹಣ್ಣುಗಳನ್ನು ಸಾಕ್ಷಿಗೆ ಕರೆದು ನಾಲ್ಕನೆಯದನ್ನು ತಟ್ಟಿ ತಟ್ಟಿ ಬಾಯಿ ಬಿಡಿಸುತ್ತಿದ್ದಳು. ಮೂವತ್ತು ವರ್ಷ ಟ್ರ್ಯಾಮ್ ಓಡಿಸಿ ನಿವೃತ್ತನಾದ ಗಂಡ ತುರ್ಗುನ್‌ನನ್ನು ಮದುವೆಯಾದದ್ದು ಯಾಕೆಂದು ಯಾರಾದರೂ ಕೇಳಿದರೆ, "ಹಳಿ ಬಿಟ್ಟು ಆಚೀಚೆ ಹೋಗಕ್ಕಾಗ್ದಿರೋ ಗಂಡಸು ಅವನೊಬ್ನೇ ಸಿಕ್ಕಿದ್ದು" ಎನ್ನುತ್ತಿದ್ದಳು. ಆದರೂ ಕೆಲಸದಲ್ಲಿದ್ದಾಗ ಅವನು ಸಂಜೆ ಹತ್ತು ನಿಮಿಷ ತಡವಾಗಿ ಬಂದರೆ ಟ್ರ್ಯಾಮ್ ಕಚೇರಿಗೆ ಫೋನು ಹೋಗುತ್ತಿತ್ತು.

ಮೂವತ್ತನಾಲ್ಕು ವರ್ಷದಿಂದ ಅವಳು ಆ ಮಹಡಿಯ ಪ್ರಯೋಗಶಾಲೆಯಲ್ಲಿ ಸಹಾಯಕಿ. ಗೇಟಿನ ಕಾವಲುಗಾರನಿಂದ ಪ್ರೊಫೆಸರರವರೆಗೆ ಎಲ್ಲರೂ ಅವಳನ್ನು ಓಪಾ, ಎಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಅದರಲ್ಲಿ ಅಕ್ಕರೆಗಿಂತ ಎಚ್ಚರಿಕೆ ಒಂದು ಚಿಟಿಕೆ ಹೆಚ್ಚಿತ್ತು.

ಕಳೆದ ವಸಂತದಲ್ಲಿ ಅವಳ ಕೈಗೆ ಹೊಸ ಕೆಲಸ ಬಂತು. ಮನುಷ್ಯರ ಸೊಂಟದ ಮೂಳೆಯೊಳಗಿಂದ ಎರಡು ಚಮಚ ಮಜ್ಜೆ ತೆಗೆಯುವುದು. ಅದರಿಂದ ಬೀಜದಂಥ ಎಳೆ ಕೋಶಗಳನ್ನು ಮಾತ್ರ ಆರಿಸಿ ತಟ್ಟೆಗಳಲ್ಲಿ ಬಿತ್ತುವುದು. ಸೂಜಿಮೊನೆಯಷ್ಟು ಬೆಳವಣಿಗೆಯ ರಸ ಸೇರಿಸಿದ ಕೆಂಪು ನೀರು ಉಣಿಸುತ್ತ, ಮೈಬಿಸಿಯಷ್ಟೇ ಬಿಸಿಯಿರುವ ಕಾವುಪೆಟ್ಟಿಗೆಯಲ್ಲಿಟ್ಟು ಕಾಯುವುದು. ಎಲ್ಲ ಸರಿಹೋದರೆ ಆ ಬೀಜಗಳು ದಿನದಿಂದ ದಿನಕ್ಕೆ ಊದಿ ದೈತ್ಯ ಕೋಶಗಳಾಗುತ್ತವೆ. ಹನ್ನೆರಡನೆಯ ದಿನದ ಹೊತ್ತಿಗೆ ಆ ದೈತ್ಯೆಯರು ಮೈಯಿಂದ ಉದ್ದುದ್ದ ತೋಳುಗಳನ್ನು ಚಾಚುತ್ತಾರೆ. ತೋಳಿನ ತುಂಬ ಮಣಿ ಪೋಣಿಸಿದಂಥ ಗಂಟುಗಳು. ಆ ಮಣಿಗಳು ಕಳಚಿ ಬಿದ್ದರೆ ಅವೇ ಪ್ಲೇಟ್‌ಲೆಟ್‌ಗಳು. ಗಾಯವಾದಾಗ ರಕ್ತವನ್ನು ಕಟ್ಟಿ ನಿಲ್ಲಿಸುವ ಪುಟ್ಟ ಬಿಲ್ಲೆಗಳು.

ಆ ಕೋಶಗಳಿಗೆ ಇದ್ದ ಉದ್ದ ಲ್ಯಾಟಿನ್ ಹೆಸರನ್ನು ಓಪಾ ಮೊದಲ ದಿನವೇ ಅನುಮಾನಿಸಿ ತಳ್ಳಿಹಾಕಿದಳು. ಅವಳಿಗೆ ಅವರು ಬೀಬಿಯರು. ದಪ್ಪ ಮೈ, ನಿಧಾನ ನಡಿಗೆ, ಮುಟ್ಟಿದರೆ ಮುನಿಸು: ಬೀಬಿಯರಲ್ಲದೆ ಇನ್ಯಾರು? ಹೆತ್ತ ಹೆಂಗಸನ್ನೂ ಕೂಸನ್ನೂ ನಲವತ್ತು ದಿನ ಪರರ ಕಣ್ಣಿಗೆ ಬೀಳದಂತೆ ಮುಚ್ಚಿಡುವ ಊರು ಅದು. ಬೀಬಿಯರಿಗೆ ಹನ್ನೆರಡು ದಿನದ ಬಾಣಂತನವಾದರೂ ಬೇಡವೇ? ತಟ್ಟೆಗಳನ್ನಿಟ್ಟ ಬೆಳೆಕೋಣೆಯ ಬಾಗಿಲಿಗೆ ಬೀಗ ಬಿತ್ತು. ಒಳಗೆ ಇಣುಕಿದವರ ಹೆಸರು ಬರೆದಿಡಲು ನೀಲಿ ರಟ್ಟಿನ ಪುಸ್ತಕವೊಂದು ಬಂತು. ಯಾರು ನೋಡಿದರು, ಅವರ ಕಣ್ಣಿನ ಬಣ್ಣ, ಏನು ಹೊಗಳಿದರು, ಆಮೇಲೆ ಬೀಬಿಯರು ಹೇಗಿದ್ದರು ಎಂದು ನಾಲ್ಕು ಮನೆ ಎಳೆದಳು. ಬೇಸಿಗೆಯಿಡೀ ಬೀಬಿಯರು ಗುಂಡಗೆ ಬೆಳೆದರು. ನಾಲ್ಕನೆಯ ಮನೆಯ ತುಂಬ "ಕ್ಷೇಮ, ಕ್ಷೇಮ" ಎಂದೇ ಬರೆದಿತ್ತು.

ಅಕ್ಟೋಬರಿನಲ್ಲಿ ಇಕ್ರೊಮ್ ಬಂದ.

ಇಕ್ರೊಮ್ ಖೋರೆಜಮ್ ಕಡೆಯವನು. ಐದು ವರ್ಷ ಕೊರಿಯಾದಲ್ಲಿ ಇದೇ ವಿದ್ಯೆ ಕಲಿತು ಬಂದ ಮೂವತ್ತೊಂದರ ಸಂಶೋಧಕ. ಅವನ ಮಾತಿನ ವರಸೆ ತಾಷ್ಕೆಂಟಿನದಲ್ಲ, ಅದೊಂದು ಅನುಮಾನ. ಕೂತಲ್ಲೇ ಭುಜ ಕುಣಿಸುತ್ತ ಗುನುಗುತ್ತಿದ್ದ, ಅದೆರಡು. ಮೂರನೆಯದು, ಎಲ್ಲಕ್ಕಿಂತ ಘೋರವಾದದ್ದು, ಅವನ ಕಣ್ಣು. ಹಸಿರುಗಣ್ಣು. ಬೆಕ್ಕಿಗೆ ಒಪ್ಪುವಂಥದು.

ಮೊದಲ ದಿನವೇ ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂಗಿದ.

"ಅಬಬಬ! ಏನ್ ಚಂದ ಅದಾವ್ರೀ ಓಪಾ! ಕೊರಿಯಾದಾಗೂ ಇಂಥಾವ ನೋಡಿದ್ದಿಲ್ಲ ನಾ!"

"ದೃಷ್ಟಿ ತಾಗ್ದಿರ್ಲಿ ಅನ್ನು" ಎಂದಳು ಓಪಾ.

"ಯಾಕ್ರೀ?"

"ಅನ್ನು ಅಂದ್ರೆ ಅನ್ನಬೇಕು. ಆ ಹಸಿರು ದೀಪ ಹಾಕ್ಕೊಂಡು ನೋಡಿದ್ದೂ ಅಲ್ದೆ ಹೊಗಳ್ತಾನಂತೆ!"

ಅವನು ನಕ್ಕ. ನಕ್ಕನೇ ಹೊರತು ಅನ್ನಲಿಲ್ಲ.

ಓಪಾ ತಡಮಾಡಲಿಲ್ಲ. ಬೆಳೆಕೋಣೆಯ ಮುಂಗೋಣೆಯಲ್ಲಿ ಒಂದು ತಗಡಿನ ಬಟ್ಟಲಿನಲ್ಲಿ ಇಸಿರಿಕ್ ಎಂಬ ಬೆಟ್ಟದ ಗಿಡದ ಒಣ ಕಡ್ಡಿಗಳನ್ನು ಹೊತ್ತಿಸಿ, ಆರಿಸಿ, ದಟ್ಟ ಹೊಗೆ ಎಬ್ಬಿಸಿ, ಬಾಗಿಲಿನ ಸುತ್ತ ಮೂರು ಸಲ ನಿವಾಳಿಸಿದಳು. ಯಾರೂ ಏನೂ ಅನ್ನಲಿಲ್ಲ. ಅನ್ನುವುದೇನು? ಆ ಊರಲ್ಲಿ ನೆಗಡಿಗೂ ಇಸಿರಿಕ್, ಮದುವೆಗೂ ಇಸಿರಿಕ್. ಚಳಿಗಾಲ ಬಂದರೆ ಆಸ್ಪತ್ರೆಯ ಗೇಟಿನಲ್ಲೇ ಕಾವಲುಗಾರ ಹೊಗೆ ಹಾಕುತ್ತಾನೆ. ಬಜಾರಿನಲ್ಲಿ ಅಂಗಡಿಯಿಂದ ಅಂಗಡಿಗೆ ಹೊಗೆಬಟ್ಟಲು ಹಿಡಿದ ಹೆಂಗಸರು ತಿರುಗುತ್ತಾರೆ. ಆ ವಾಸನೆ ಬರದಿದ್ದರೇ ಜನರ ಮೂಗಿಗೆ ಕಳವಳ.

ಮೂರನೆಯ ದಿನ ಬೀಬಿಯರು ಸತ್ತರು.

ಸುಮ್ಮನೆ ಸಾಯಲಿಲ್ಲ. ಸುಕ್ಕುಗಟ್ಟಿ, ಕಪ್ಪು ಚುಕ್ಕಿಯೆದ್ದು, ತಟ್ಟೆಯ ತಳದಲ್ಲಿ ಮೆಣಸಿನಕಾಳು ಚೆಲ್ಲಿದಂತೆ ಬಿದ್ದಿದ್ದರು. ಓಪಾ ನೀಲಿ ಪುಸ್ತಕ ತೆಗೆದು ಐದನೆಯ ಮನೆಯೊಂದನ್ನು ಎಳೆದಳು: ನಾನೇನು ಮಾಡಿದೆ. ಅದರಲ್ಲಿ "ಇಸಿರಿಕ್ ಹಾಕಿದೆ" ಎಂದು ಬರೆದಳು. ಕರ್ತವ್ಯ ಮಾಡಿದವರ ಅಕ್ಷರ ದುಂಡಗಿರುತ್ತದೆ.

ನವೆಂಬರಿನಲ್ಲಿ ನಜೋಕತ್ ಬಂದಳು.

ನಜೋಕತ್ ಚುಸ್ತ್ ಊರಿನ ಟೋಪಿ ಕಸೂತಿಯವಳು. ಇಪ್ಪತ್ತಾರು ವರ್ಷ. ಕಪ್ಪು ಟೋಪಿಯ ಮೇಲೆ ಬಿಳಿ ದಾರದಲ್ಲಿ ಮೆಣಸಿನಕಾಯಿ ಬಳ್ಳಿ ಎಬ್ಬಿಸುವುದರಲ್ಲಿ ಅವಳ ತಾಯಿ, ಅಜ್ಜಿ, ಮುತ್ತಜ್ಜಿಯರ ಕೈಯೆಲ್ಲ ಅವಳ ಕೈಗಿಳಿದಿತ್ತು. ಎರಡು ವರ್ಷದಿಂದ ಆ ಕೈ ಸೂಜಿ ಹಿಡಿಯುವಂತಿರಲಿಲ್ಲ. ಪ್ಲೇಟ್‌ಲೆಟ್ ಎಷ್ಟು ಕಡಿಮೆಯೆಂದರೆ ಒಂದು ಸಲ ಸೂಜಿ ಚುಚ್ಚಿಕೊಂಡರೆ ರಕ್ತ ಅರ್ಧ ದಿನ ನಿಲ್ಲುತ್ತಿರಲಿಲ್ಲ. ಬಿಳಿ ಬಳ್ಳಿ ಕೆಂಪಾಗುತ್ತಿತ್ತು. ಮೂರು ಔಷಧಿಗಳಲ್ಲಿ ಯಾವುದು ಅವಳ ಮೈಗೆ ಒಗ್ಗುತ್ತದೋ ವೈದ್ಯರಿಗೆ ತಿಳಿಯದು. ಅವಳದೇ ಮಜ್ಜೆಯಿಂದ ಬೀಬಿಯರನ್ನು ಬೆಳೆಸಿ, ಒಂದೊಂದು ತಟ್ಟೆಗೆ ಒಂದೊಂದು ಔಷಧಿ ಹಾಕಿ, ಯಾವ ತಟ್ಟೆಯವರು ತೋಳು ಚಾಚುತ್ತಾರೆ ನೋಡೋಣವೆಂದು ಹೊರಟಿದ್ದರು.

ಮೊದಲನೆಯ ಮಜ್ಜೆ ಒಂಬತ್ತನೆಯ ದಿನ ಸತ್ತಿತು. ಡಿಸೆಂಬರಿನ ಎರಡನೆಯ ಮಜ್ಜೆ ಏಳನೆಯ ದಿನ.

ಮೂರನೆಯದಕ್ಕೆ ಕರೆಸಿದಾಗ ನಜೋಕತ್ ಮಂಚದ ಮೇಲೆ ಕೂತು, ಸೊಂಟದ ಮೇಲೆ ಹರಡಿದ್ದ ನೇರಳೆ ಕಲೆಗೆ ಕೈಯಿಟ್ಟು ಹೇಳಿದಳು:

"ಓಪಾ, ಸೂಜಿ ಚುಚ್ಚಿದ್ರೆ ರಕ್ತ ನಿಲ್ಲಲ್ಲ ಅಂತ ಇಲ್ಲಿಗ್ ಬಂದೆ. ನೀವು ಅದರಪ್ಪನಂಥ ಸೂಜಿ ತಂದ್ರಿ. ಒಂದ್ಸಲ ಆಯ್ತು, ಎರಡ್ಸಲ ಆಯ್ತು. ಇದು ಮೂರನೇದು. ನಮ್ಮಪ್ಪನಾಣೆ, ನಾಲ್ಕನೇದಕ್ಕೆ ಬರಲ್ಲ. ಬಸ್ ಹತ್ತಿ ಊರಿಗೆ ಹೋಗ್ತೀನಿ, ಆಗಿದ್ದಾಗ್ಲಿ."

"ಈ ಸಲ ನಾನಿದೀನಿ ಮಗಳೇ" ಎಂದಳು ಓಪಾ.

"ಹೋದ್ಸಲ ಎಲ್ಲಿದ್ರಿ?"

ಮುಕರ್ರಮ್ ಓಪಾಳ ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಯಾರೂ ಅವಳಿಗೆ ಇಂಥ ಪ್ರಶ್ನೆ ಕೇಳಿರಲಿಲ್ಲ. ರೊಟ್ಟಿಯ ತುಂಡೊಂದನ್ನು ಅವಳ ಕೈಗಿಟ್ಟು ಎದ್ದುಬಂದಳು. ಮೆಟ್ಟಿಲು ಹತ್ತುವಾಗ ಅವಳ ಬೀಗದಕೈಗಳು ಯುದ್ಧಭೇರಿಯಂತೆ ಸದ್ದು ಮಾಡಿದವು.

ಕೊಲೆಗಾರನನ್ನು ಹಿಡಿಯಬೇಕಿತ್ತು. ಯಾರೆಂಬುದು ಗೊತ್ತೇ ಇತ್ತು, ಸಾಕ್ಷಿ ಬೇಕಿತ್ತಷ್ಟೆ. ನೀಲಿ ಪುಸ್ತಕದಲ್ಲಿ ಅಕ್ಟೋಬರಿನಿಂದ ಏಳು ಸಾವು. ಏಳಕ್ಕೂ ಮುಂಚೆ ಇಕ್ರೊಮ್ ನೋಡಿದ್ದ. ಐದು ಸಲ ಹೊಗಳಿದ್ದ. ಒಂದು ಸಲ, ದೇವರೇ, ಶಿಳ್ಳೆ ಹಾಕಿದ್ದ. ಇದಲ್ಲದೆ ಇನ್ನೊಂದು ಘನವಾದ ಸಾಕ್ಷಿ ಇತ್ತು. ಮುಂಗೋಣೆಯ ಗೋಡೆಯಲ್ಲೊಂದು ಜಾಲರಿ. ಬೆಳೆಕೋಣೆ ಉಸಿರೆಳೆಯುವುದು ಅದರ ಮೂಲಕ. ಆ ಜಾಲರಿಗೆ ಹೊದಿಸಿದ ಬಿಳಿ ಅರಿವೆ ಚಹಾ ಚೆಲ್ಲಿದಂತೆ ಕಂದಾಗಿತ್ತು. ಓಪಾ ಅದನ್ನು ಬಿಚ್ಚಿ, ಮಡಚಿ, ಲಕೋಟೆಯಲ್ಲಿಟ್ಟು ಮೇಲೆ ಬರೆದಳು: "ಇಕ್ರೊಮ್. ಕದ್ದು ಸಿಗರೇಟು."

ಲಕೋಟೆ, ಪುಸ್ತಕ ಎರಡನ್ನೂ ಹಿಡಿದು ಪ್ರೊಫೆಸರ್ ಲುತ್ಫಿನಿಸೊ ಹಕೀಮೊವ್ನಾರ ಮುಂದೆ ನಿಂತಳು. ಪ್ರಯೋಗಶಾಲೆಯ ಮುಖ್ಯಸ್ಥೆಯಾದ ಆಕೆ ದೃಷ್ಟಿಗಿಷ್ಟಿ ನಂಬುವವರಲ್ಲ. ಅಂಕಿ ನಂಬುವವರು. ದುರದೃಷ್ಟವೆಂದರೆ ಓಪಾ ತಂದದ್ದು ಅಂಕಿಯನ್ನೇ.

"ಏಳಕ್ಕೆ ಏಳಾ?" ಎಂದರು ಪ್ರೊಫೆಸರ್, ಕನ್ನಡಕ ಏರಿಸಿ.

"ಏಳಕ್ಕೆ ಏಳು, ಗುರುಗಳೇ. ಏಳೂ ಸಲ ನಾನು ಇಸಿರಿಕ್ ಹಾಕಿ ಕಾಪಾಡಕ್ಕೆ ನೋಡ್ದೆ. ಅವನ ಕಣ್ಣು ಅದನ್ನೂ ದಾಟಿ ಹೋಗುತ್ತೆ ಅಂದ್ರೆ ಎಂಥಾದ್ದಿರಬೇಕು!"

"ಕಣ್ಣು ಪಣ್ಣು ಬೇಡ. ಕೈ ಸರಿಯಾಗಿ ತೊಳೀತಿಲ್ವೇನೋ." ಪ್ರೊಫೆಸರ್ ಸ್ವಲ್ಪ ಯೋಚಿಸಿದರು. "ಆ ಹುಡುಗಿ ಮೂರನೇದು ಮುಗಿಯೋವರ್ಗೂ ಅವನು ಬೆಳೆಕೋಣೆಗೆ ಕಾಲಿಡೋದು ಬೇಡ. ಕೆಳಗೆ ಉಗ್ರಾಣದಲ್ಲಿ ಕೆಲಸ ಮಾಡ್ಲಿ. ಆಮೇಲೆ ಅವನನ್ನ ಇಟ್ಕೊಳ್ಳೋದೋ ಬಿಡೋದೋ ನೋಡೋಣ."

ಇಕ್ರೊಮ್ ಉಗ್ರಾಣಕ್ಕೆ ಹೋಗುವ ಮುಂಚೆ ಓಪಾಳ ಮೇಜಿನ ಹತ್ತಿರ ಬಂದು ನಿಂತ.

"ನಾ ಸಿಗರೇಟ್ ಸೇದಂಗಿಲ್ರೀ ಓಪಾ. ಹುಟ್ಟಿದಾಗಿಂದ ಸೇದಿಲ್ಲ."

"ಸೇದೋರೆಲ್ಲ ಹಾಗೇ ಅನ್ನೋದು."

"ಸೇದದವ್ರು ಏನಂತಾರ್ರೀ ಮತ್ತ?"

ಓಪಾಳಿಗೆ ಇದು ಬಲು ಕುತರ್ಕದ ಪ್ರಶ್ನೆಯೆನಿಸಿತು. "ನಿನ್ನ ಬಾಯೇ ನಿನ್ನ ಹಿಡ್ಕೊಡುತ್ತೆ" ಎಂದಳು.

"ಒಂದ್ ಹೇಳ್ತೀನ್ರಿ. ನನ್ನ ಕಣ್ಣಿಗೆ ಅಷ್ಟ್ ಶಕ್ತಿ ಇದ್ದಿದ್ರ ಕೊರಿಯಾದಾಗ ನನ್ನ ಮನೆ ಮಾಲಕನ ನಾಯಿ ಎಂದೋ ಸಾಯ್ತಿತ್ತು. ಐದು ವರ್ಷ ದಿನಾ ನೋಡೀನಿ ಅದನ್ನ, ಐದೂ ವರ್ಷ ನನ್ನ ಕಡೀತು." ಹೀಗೆಂದು ಅವನು ತನ್ನ ಚಹಾಬಟ್ಟಲು ಎತ್ತಿಕೊಂಡು ಕೆಳಗಿಳಿದ. ಅವತ್ತು ಭುಜ ಕುಣಿಯುತ್ತಿರಲಿಲ್ಲ.

ಜನವರಿಯ ಒಂದು ಸೋಮವಾರ ನಜೋಕತ್‌ಳ ಮೂರನೆಯ ಮಜ್ಜೆ ಮೇಲೆ ಬಂತು. ಆರು ತಟ್ಟೆಗಳಾದವು. ಮೂರಕ್ಕೆ ಮೂರು ಔಷಧಿ, ಒಂದು ಔಷಧಿಯಿಲ್ಲದ್ದು, ಎರಡು ಹೆಚ್ಚುವರಿ. ಓಪಾ ಜಾಲರಿಗೆ ಹೊಸ ಬಿಳಿ ಅರಿವೆ ಹೊದಿಸಿದಳು. ಕಾವುಪೆಟ್ಟಿಗೆಯ ಬಾಗಿಲಿಗೆ ತನ್ನ ತಲೆಯ ಒಂದು ನರೆಗೂದಲನ್ನು ಅಂಟಿಸಿದಳು, ಯಾರಾದರೂ ತೆರೆದರೆ ಗೊತ್ತಾಗಲೆಂದು. ಮಾರನೆಯ ಬೆಳಗ್ಗೆ ಕೂದಲು ತುಂಡಾಗಿತ್ತು. ರೋಷದಿಂದ ಅವಳ ಕಿವಿ ಕೆಂಪಾಯಿತು. ಆಮೇಲೆ, ಹಿಂದಿನ ಸಂಜೆ ಬೀಬಿಯರಿಗೆ ನೀರು ನೋಡಲು ತಾನೇ ತೆರೆದದ್ದು ನೆನಪಾಗಿ ಕಿವಿ ಹಾಗೆಯೇ ಕೆಂಪಾಗಿ ಉಳಿಯಿತು. ಕಾರಣ ಮಾತ್ರ ಬದಲಾಯಿತು.

ಐದು ದಿನ ಬೀಬಿಯರು ರಾಣಿಯರಂತೆ ಬೆಳೆದರು. ಓಪಾ ಮನೆಯಲ್ಲಿ ಗಂಡನಿಗೆ ಎರಡು ಸಲ ಪಲಾವು ಮಾಡಿ ಬಡಿಸಿದಳು. ತುರ್ಗುನ್ ಅನುಮಾನದಿಂದಲೇ ಉಂಡ. ಇಷ್ಟು ವರ್ಷದ ಸಹವಾಸ ಸುಮ್ಮನೆಯೇ?

ಆರನೆಯ ದಿನ ದೀಪ ಕೆಟ್ಟಿತು. ದೀಪ ಸರಿಮಾಡಲು ಬಂದ ಸೊಬಿರ್ ಎಂಬ ಮುದುಕ ಏಣಿಯ ಮೇಲಿನಿಂದ ಸೂಕ್ಷ್ಮದರ್ಶಕದ ತೆರೆಯತ್ತ ಇಣುಕಿಬಿಟ್ಟ.

"ಏನಮ್ಮಾ ಇದು, ಮೀನಿನ ಮೊಟ್ಟೆ ಇದ್ದಂಗಿದೆ! ದುಂಡದುಂಡಗೆ! ರೊಟ್ಟಿ ಮೇಲೆ ಬೆಣ್ಣೆ ಜೊತೆ ಸವರ್ಕೊಂಡ್ರೆ..."

"ಮುಚ್ಚು ಬಾಯಿ!" ಎಂದು ಓಪಾ ಏಣಿ ಅಲ್ಲಾಡಿಸಿದಳು. "ಇಳಿ ಕೆಳಗೆ! ತಿನ್ನೋ ಕಣ್ಣಲ್ಲಿ ನೋಡ್ತಾನೆ, ಹೊಟ್ಟೆಬಾಕ!"

"ಅಯ್ಯೋ, ಬೀಳ್ತೀನಿ ಕಣಮ್ಮಾ! ದೃಷ್ಟಿ ತಾಗ್ದಿರ್ಲಿ, ಆಯ್ತಾ? ತಾಗ್ದಿರ್ಲಿ, ತಾಗ್ದಿರ್ಲಿ!"

ಮೂರು ಸಲ ಅಂದನಾದರೂ ಓಪಾಳಿಗೆ ಸಮಾಧಾನವಾಗಲಿಲ್ಲ. ಹಸಿದ ಕಣ್ಣು ಹಸಿರು ಕಣ್ಣಿಗಿಂತ ಕೆಟ್ಟದ್ದು. ಎಂದಿಗಿಂತ ಎರಡು ಹಿಡಿ ಹೆಚ್ಚಿಗೆ ಇಸಿರಿಕ್ ಹಾಕಿದಳು. ಮುಂಗೋಣೆಯಲ್ಲಿ ತನ್ನ ಕೈ ತನಗೇ ಕಾಣದಷ್ಟು ಹೊಗೆ. ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ವೈರಿಯನ್ನು ಕೋಟೆಯಿಂದ ಓಡಿಸಿದ ಸೇನಾನಿಯ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಳು.

ಎಂಟನೆಯ ದಿನ ಬೆಳಗ್ಗೆ ಬೀಬಿಯರ ಅಂಚು ಸುಕ್ಕಾಗಿತ್ತು.

ಸತ್ತಿರಲಿಲ್ಲ. ಆದರೆ ಓಪಾಳಿಗೆ ಆ ಸುಕ್ಕಿನ ಗುರುತು ಚೆನ್ನಾಗಿತ್ತು. ಇನ್ನೊಂದೆರಡು ದಿನ, ಆಮೇಲೆ ಮೆಣಸಿನಕಾಳು. ಕೆಳಗಿನ ವಾರ್ಡಿನಲ್ಲಿ ನಜೋಕತ್ ಕಿಟಕಿಯ ಪಕ್ಕ ಕೂತು ದಿನ ಎಣಿಸುತ್ತಿದ್ದಳು. ಅವಳ ಚೀಲ ಆಗಲೇ ಕಟ್ಟಿತ್ತು.

ಓಪಾ ಕುರ್ಚಿ ಎಳೆದು ಕೂತಳು. ಇಕ್ರೊಮ್ ಮೂರು ವಾರದಿಂದ ಈ ಮಹಡಿಗೇ ಬಂದಿಲ್ಲ. ಹಾಗಾದರೆ ಸೊಬಿರ್? ಅವನು ಇದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ; ಹಿಂದಿನ ಏಳು ಸಾವಿಗೆ ಅವನು ಹೊಣೆಯಲ್ಲ. ಪ್ರೊಫೆಸರ್? ಆಕೆ ಒಳಗೆ ಬರುವುದೇ ತಿಂಗಳಿಗೊಮ್ಮೆ. ಓಪಾ ಪುಸ್ತಕ ತೆರೆದು ಒಬ್ಬೊಬ್ಬರ ಹೆಸರನ್ನೂ ಕಟಕಟೆಗೆ ಕರೆದಳು, ಒಬ್ಬೊಬ್ಬರನ್ನೂ ಬಿಡುಗಡೆ ಮಾಡಬೇಕಾಯಿತು. ಅವಳ ಜೀವಮಾನದಲ್ಲೇ ಇಷ್ಟು ಜನರನ್ನು ಒಂದೇ ಬೆಳಗಿನಲ್ಲಿ ಬಿಟ್ಟದ್ದಿಲ್ಲ. ಹಾಳೆ ಹಿಂದಕ್ಕೆ ಮಗುಚಿದಾಗ ಜುಲೈ ಸಿಕ್ಕಿತು. ಇಪ್ಪತ್ತೆರಡು ವಿದ್ಯಾರ್ಥಿಗಳು ಬಂದಿದ್ದರು, ನಲವತ್ತನಾಲ್ಕು ಕಣ್ಣು, ಅದರಲ್ಲಿ ಆರು ನೀಲಿ. ಎಲ್ಲರೂ ಬಾಯಿತುಂಬ ಹೊಗಳಿದ್ದರು. ಆಮೇಲೆ? "ಕ್ಷೇಮ."

ಅದು ಹೇಗೆ? ಆಗ ಯಾಕೆ ಯಾರ ಕಣ್ಣೂ ತಾಗಲಿಲ್ಲ? ಆಗ ತಾನೇನು ಮಾಡಿದ್ದೆ? ಐದನೆಯ ಮನೆ ಆಗಿನ್ನೂ ಇರಲಿಲ್ಲ. ನೆನಪಿಸಿಕೊಂಡಳು. ಏನೂ ಮಾಡಿರಲಿಲ್ಲ. ಹಳೆಯ ಇಸಿರಿಕ್ ಮುಗಿದಿತ್ತು, ಹೊಸದು ಬೆಟ್ಟದಿಂದ ಬಂದಿರಲಿಲ್ಲ.

ಓಪಾ ನಿಧಾನವಾಗಿ ಎದ್ದಳು. ಮುಂಗೋಣೆಗೆ ಹೋಗಿ ಜಾಲರಿಯ ಮುಂದೆ ನಿಂತಳು. ಎಂಟು ದಿನದ ಹಿಂದೆ ಹಾಲಿನಂತಿದ್ದ ಅರಿವೆ ಕಂದಾಗಿತ್ತು. ಸಿಗರೇಟು ಸೇದುವ ಕಳ್ಳ ಎರಡು ಮಹಡಿ ಕೆಳಗಿದ್ದ. ಅರಿವೆಯನ್ನು ಬಿಚ್ಚಿ ಮೂಗಿಗೆ ಹಿಡಿದಳು.

ಇಸಿರಿಕ್.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಕಂಕುಳಲ್ಲಿ ಕತ್ತಿ ಇಟ್ಟುಕೊಂಡು ಊರೆಲ್ಲ ಹುಡುಕಿದವಳು ಮುಕರ್ರಮ್ ಓಪಾ ಒಬ್ಬಳೇ. ಯಾರೋ ನೋಡಿದರೆಂದು ಹೊಗೆ, ಹೊಗೆಯಿಂದ ಸಾವು, ಸತ್ತವೆಂದು ಇನ್ನಷ್ಟು ಅನುಮಾನ, ಅನುಮಾನಕ್ಕೆ ಇನ್ನಷ್ಟು ಹೊಗೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ಕೆಮ್ಮುತ್ತ, ಕಣ್ಣೀರು ಸುರಿಸುತ್ತ, ದುಂಡಗಿನ ಅಕ್ಷರದಲ್ಲಿ ಲೆಕ್ಕ ಬರೆಯುತ್ತ ಮೇಯ್ದಿತ್ತು.

ಅಳಲು ಹೊತ್ತಿರಲಿಲ್ಲ. ಬೆಳೆಕೋಣೆಯ ಗೋಡೆ ಗೋಡೆಯೂ ಹೊಗೆ ಕುಡಿದಿತ್ತು. ಬೀಬಿಯರನ್ನು ಈಗಲೇ ಬೇರೆ ಕಡೆ ಸಾಗಿಸಬೇಕು. ಆಸ್ಪತ್ರೆಯಲ್ಲಿ ಇನ್ನೊಂದೇ ಕಾವುಪೆಟ್ಟಿಗೆ ಇತ್ತು. ಹಳೆಯದು, ಕೆಟ್ಟು ಮೂಲೆ ಸೇರಿದ್ದು, ಕೆಲಸವಿಲ್ಲದ ಇಕ್ರೊಮ್ ಮೂರು ವಾರ ಕೂತು ದುರಸ್ತಿ ಮಾಡಿದ್ದಾನೆಂದು ಆಸ್ಪತ್ರೆಯೆಲ್ಲ ಮಾತಾಡಿಕೊಳ್ಳುತ್ತಿತ್ತು. ಇದ್ದದ್ದು ಉಗ್ರಾಣದಲ್ಲಿ. ಅವನ ಪಕ್ಕದಲ್ಲಿ. ಆ ಹಸಿರು ಕಣ್ಣಿನ ನೇರ ಎದುರಿಗೆ.

ಓಪಾ ಐದು ತಟ್ಟೆಗಳನ್ನು ಮುಚ್ಚಿ, ಬಿಸಿನೀರಿನ ಚೀಲದ ಜೊತೆ ಪೆಟ್ಟಿಗೆಯಲ್ಲಿಟ್ಟು, ಮೇಲೆ ತನ್ನ ಉಣ್ಣೆಯ ಶಾಲು ಹೊದಿಸಿದಳು. ಹೆಚ್ಚುವರಿಯ ಒಂದು ತಟ್ಟೆಯನ್ನು ಮಾತ್ರ ಅಲ್ಲೇ ಬಿಟ್ಟಳು. ಎಷ್ಟೆಂದರೂ ಮೂವತ್ತನಾಲ್ಕು ವರ್ಷ ಪ್ರಯೋಗಶಾಲೆಯ ನೀರು ಕುಡಿದವಳು. ತನ್ನ ಮೇಲಿನ ಆರೋಪವನ್ನೂ ಪರೀಕ್ಷೆಯಿಲ್ಲದೆ ಒಪ್ಪುವವಳಲ್ಲ. ಬಟ್ಟಲು ತೆಗೆದು ಕೊನೆಯ ಸಲ ಒಂದು ಹಿಡಿ ಇಸಿರಿಕ್ ಹೊತ್ತಿಸಿ, ಮುಂಗೋಣೆಯಲ್ಲಿಟ್ಟು, ಬಾಗಿಲೆಳೆದುಕೊಂಡಳು.

ಮೆಟ್ಟಿಲಿಳಿಯುವ ಮೆರವಣಿಗೆ ಅಮೋಘವಾಗಿತ್ತು. "ಗೋಡೆ ಕಡೆ ತಿರುಗು! ನೀನೂ! ಏಯ್ ಡಾಕ್ಟ್ರೇ, ನೀವೂ!" ಎಂದು ಕೂಗುತ್ತ, ಸಿಕ್ಕವರನ್ನೆಲ್ಲ ಗೋಡೆಗೆ ಮುಖ ಮಾಡಿಸುತ್ತ ಎರಡು ಮಹಡಿ ಇಳಿದಳು. ಅಭ್ಯಾಸ ಬಿಡಬೇಕೆಂದು ತಿಳಿದ ದಿನವೇ ಅದು ಬಿಡುತ್ತದೆಯೇ?

ಉಗ್ರಾಣದಲ್ಲಿ ಇಕ್ರೊಮ್ ಸಮೋಸದಂಥ ಸಂಸಾ ತಿನ್ನುತ್ತಿದ್ದ. ಓಪಾಳನ್ನು ಕಂಡು ಎದ್ದು ನಿಂತ.

"ಬರ್ರಿ ಓಪಾ. ಈಗೇನ್ ಕದ್ದೀನ್ರಿ ನಾ?"

"ಕೈ ತೊಳಿ" ಎಂದಳು ಓಪಾ. ಆಮೇಲೆ ಉಸಿರೆಳೆದುಕೊಂಡಳು. "ತೊಳ್ಕೊಂಡು ಇವರನ್ನ ನಿನ್ನ ಪೆಟ್ಟಿಗೇಲಿ ಇಟ್ಕೋ. ಕೊಂದಿದ್ದು ನೀನಲ್ಲ. ನಾನು."

ಅವನ ಕೈಯಲ್ಲಿ ಸಂಸಾ ಹಾಗೇ ನಿಂತಿತು.

"ಏನಂದ್ರಿ?"

"ಕಿವೀನೂ ತೊಳ್ಕೊ. ಇಸಿರಿಕ್ ಹೊಗೆ ಕಣೋ. ಜಾಲರಿಯಿಂದ ಒಳಗೆ ಹೋಗ್ತಿತ್ತು. ನಿನ್ನ ಸಿಗರೇಟಲ್ಲ, ನನ್ನ ಇಸಿರಿಕ್ಕು." ಅವಳ ದನಿ ಸೀಳಿತು, ಕೂಡಲೇ ಅದು ಬೈಗುಳವಾಗಿ ಹೊರಬಂತು. "ಅಲ್ವೋ, ಐದು ವರ್ಷ ಕೊರಿಯಾದಲ್ಲಿ ಮಣ್ಣು ಹೊತ್ಯಾ? ಮೂರು ತಿಂಗಳು ಆ ಬಾಗಿಲಲ್ಲಿ ಓಡಾಡ್ದೆ. ನಿನ್ನ ಮೂಗಿಗೆ ವಾಸನೆ ಬರ್ಲಿಲ್ವಾ?"

ಇಕ್ರೊಮ್ ಕೈ ತೊಳೆದು ಬಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಒಂದೊಂದೇ ತಟ್ಟೆಯನ್ನು ಕಾವುಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿದ.

"ಬರ್ತಿತ್ರೀ ಓಪಾ" ಎಂದ ಆಮೇಲೆ. "ದಿನಾ ಬರ್ತಿತ್ತು. ಅವ್ವನ ನೆನಪಾಗ್ತಿತ್ತು. ಎಷ್ಟ್ ಸ್ವಚ್ಛ ಇಟ್ಟಾಳ ಈ ಮುದುಕಿ ಅಂತ ಅನ್ಕೋತಿದ್ನಿ."

"ಮುದುಕೀನಾ?"

"ತಪ್ಪಾತ್ರೀ. ಅಕ್ಕಾ."

ಓಪಾ ಗುಂಯ್‌ಗುಡುವ ಆ ಹಳೆಯ ಪೆಟ್ಟಿಗೆಗೆ ಕಿವಿಯಿಟ್ಟಳು.

"ಉಳೀತಾರಾ?" ಎಂದಳು ಓಪಾ.

"ನೋಡ್ಬೇಕ್ರಿ. ನೋಡ್ಲಿ?"

ಇದಕ್ಕಿಂತ ದೊಡ್ಡ ಪರೀಕ್ಷೆ ಅವಳ ಬಾಳಿನಲ್ಲಿ ಬಂದಿರಲಿಲ್ಲ. ಓಪಾ ಕಣ್ಣು ಮುಚ್ಚಿ ಹೇಳಿದಳು: "ನೋಡು."

ಅವನು ಒಂದು ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದ. "ಅಂಚು ಸುಟ್ಟಾವು. ನಡುವಿನವು ಇನ್ನೂ ಗಟ್ಟಿ ಅದಾವ. ನೀರು ಬದ್ಲಿಸೋಣ್ರಿ." ಆಮೇಲೆ, ಹಸಿರು ಕಣ್ಣನ್ನು ಮೇಲೆತ್ತದೆಯೇ, ಮೆಲ್ಲಗೆ: "ದೃಷ್ಟಿ ತಾಗ್ದಿರ್ಲಿ."

ಮಾರನೆಯ ಬೆಳಗ್ಗೆ ಮೇಲೆ ಬಿಟ್ಟಿದ್ದ ಆರನೆಯ ತಟ್ಟೆಯಲ್ಲಿ ಮೆಣಸಿನಕಾಳು ಚೆಲ್ಲಿತ್ತು. ಕೆಳಗಿನ ಐದರಲ್ಲಿ ಸುಕ್ಕು ಹೆಚ್ಚಿರಲಿಲ್ಲ.

ಓಪಾ ನೀಲಿ ಪುಸ್ತಕವನ್ನೂ, ಎರಡು ಕಂದು ಅರಿವೆಗಳನ್ನೂ, ಸತ್ತ ತಟ್ಟೆಯನ್ನೂ ಪ್ರೊಫೆಸರರ ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. ಲಕೋಟೆಯ ಮೇಲಿನ "ಇಕ್ರೊಮ್" ಹೊಡೆದುಹಾಕಿ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಪೂರ್ತಿಯಾಗಿ ಬರೆದಿದ್ದಳು.

"ಆ ಹುಡುಗನ್ನ ಮೇಲೆ ಕರೆಸ್ಕೊಳ್ಳಿ. ನನ್ನನ್ನ ಎಲ್ಲಿಗ್ ಬೇಕಾದ್ರೂ ಹಾಕಿ. ಉಗ್ರಾಣ ಚೆನ್ನಾಗೇ ಇದೆ, ನೋಡ್ಕೊಂಡ್ ಬಂದಿದೀನಿ. ಸ್ವಲ್ಪ ಧೂಳು, ಅಷ್ಟೇ."

ಪ್ರೊಫೆಸರ್ ಎಲ್ಲವನ್ನೂ ಓದಿದರು. "ಏಳಕ್ಕೆ ಏಳು" ಎಂದು ಗೊಣಗಿದರು. "ಈ ಐದನೇ ಮನೇಲಿ ಸಾಲಾಗಿ ಬರ್ದಿತ್ತು. ನಾನೂ ಓದ್ದೆ. ಅದು ಕಾರಣ ಅಂತ ಕಾಣ್ಲೇ ಇಲ್ವಲ್ಲ ನಂಗೆ! ಉಪಚಾರ ಅಂತ ಕಂಡ್ತು." ಆಮೇಲೆ ಆಕೆ ಕುರ್ಚಿಯನ್ನು ಬಾಗಿಲಿನ ಹತ್ತಿರ ಎಳೆದು, ಷೂ ಬಿಚ್ಚಿ, ಅದರ ಮೇಲೆ ಹತ್ತಿ, ಬಾಗಿಲ ಮೇಲುಕಟ್ಟಿನಲ್ಲಿ ಪರದೆಯ ಹಿಂದೆ ತೂಗುತ್ತಿದ್ದ ಇಸಿರಿಕ್ ಕಟ್ಟೊಂದನ್ನು ಬಿಚ್ಚಿ ಓಪಾಳ ಕೈಗೆ ಕೊಟ್ಟರು.

"ನಮ್ಮತ್ತೆ ಕಟ್ಟಿಸಿದ್ದು" ಎಂದರು, ಕೆಳಗಿಳಿಯುತ್ತ, ಬೇರೆಲ್ಲೋ ನೋಡುತ್ತ.

ಓಪಾ ಅನುಮಾನಿಸಿದಳು.

ಹನ್ನೆರಡನೆಯ ದಿನ ಏನೂ ಆಗಲಿಲ್ಲ. ಓಪಾ ಅವತ್ತು ಊಟ ಬಿಟ್ಟಳು. ಹದಿಮೂರೂ ಹಾಗೆಯೇ ಕಳೆಯಿತು. ನಜೋಕತ್ ಬಸ್ಸಿನ ಹೊತ್ತು ವಿಚಾರಿಸಲು ನರ್ಸನ್ನು ಕಳಿಸಿದಳು. ಹೊಗೆ ಕುಡಿದ ಬೀಬಿಯರು ಎರಡು ದಿನ ಹಿಂದೆ ಬಿದ್ದಿದ್ದರೇನೋ. ಹದಿನಾಲ್ಕನೆಯ ಬೆಳಗ್ಗೆ ಇಕ್ರೊಮ್ ಉಗ್ರಾಣದಿಂದ ಕೂಗಿದ ಕೂಗಿಗೆ ಮೂರು ಮಹಡಿಯ ಕಿಟಕಿ ತೆರೆದವು.

"ಓಪಾ! ಬರ್ರಿ! ಕೈ ಚಾಚ್ಯಾರ್ರೀ!"

ಮೊದಲ ತಟ್ಟೆಯಲ್ಲಿ ಏನಿಲ್ಲ. ಮೂರನೆಯದರಲ್ಲಿ ಅಷ್ಟಿಷ್ಟು. ಎರಡನೆಯ ಔಷಧಿಯ ತಟ್ಟೆಯಲ್ಲಿ ಬೀಬಿಯರು ಎಲ್ಲ ದಿಕ್ಕಿಗೂ ತೋಳು ಎಸೆದಿದ್ದರು. ಉದ್ದನೆಯ ಬಿಳಿ ತೋಳುಗಳು, ತೋಳು ತೋಳಿನಲ್ಲೂ ಮಣಿ. ಕಪ್ಪು ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಯಾರೋ ಬಳ್ಳಿ ಎಬ್ಬಿಸಿದ ಹಾಗಿತ್ತು. ಓಪಾ ನೋಡಿದಳು, ಮತ್ತೆ ನೋಡಿದಳು. "ಚೆನ್ನಾಗಿದಾರೆ" ಎಂದಳು. ಅವಳ ಬಾಯಿಂದ ಹೊಗಳಿಕೆ ಬಂದದ್ದನ್ನು ಪುಸ್ತಕದಲ್ಲಿ ಬರೆಯಲು ಅಲ್ಲಿ ಯಾರೂ ಇರಲಿಲ್ಲ.

ನಜೋಕತ್‌ಳಿಗೆ ಎರಡನೆಯ ಔಷಧಿ ಶುರುವಾಯಿತು. ಏನಾಗುವುದೋ ಎಂದು ಓಪಾ ಅದನ್ನೂ ಅನುಮಾನಿಸುತ್ತಲೇ ಇದ್ದಳು. ಏಪ್ರಿಲಿನ ಒಂದು ಮಧ್ಯಾಹ್ನ, ಬೀದಿ ಬದಿಯ ಹಿಪ್ಪುನೇರಳೆಗಳು ಚಿಗುರುತ್ತಿದ್ದಾಗ, ನಜೋಕತ್ ತಾನೇ ಮೂರು ಮಹಡಿ ಹತ್ತಿ ಬಂದಳು. ಕೈಬೆರಳಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು. ಒಣಗಿದ ಗುರುತುಗಳು.

"ಚುಚ್ಕೊಂಡೆ ಓಪಾ" ಎಂದಳು, ಬೆರಳು ತೋರಿಸುತ್ತ, ಬಹುಮಾನ ಗೆದ್ದವಳಂತೆ. "ನಿಂತೋಯ್ತು! ಒಂದು ಲೋಟ ಚಹಾ ಕುಡಿಯೋಷ್ಟರಲ್ಲಿ ನಿಂತೋಯ್ತು!"

ಆಮೇಲೆ ಚೀಲದಿಂದ ಒಂದು ಉಡುಗೊರೆ ತೆಗೆದು ಎರಡೂ ಕೈಯಲ್ಲಿ ಚಾಚಿದಳು. ತೋಳ್ತುಂಬುವಷ್ಟು ದೊಡ್ಡ ಇಸಿರಿಕ್ ಕಟ್ಟು. ಚುಸ್ತ್ ಬೆಟ್ಟದಲ್ಲಿ ಅವಳ ತಾಯಿ ಆರಿಸಿ ಒಣಗಿಸಿದ್ದು. ನಡುವಿಗೆ ಬಿಳಿ ದಾರದ ಮೆಣಸಿನಕಾಯಿ ಬಳ್ಳಿಯ ಪಟ್ಟಿ, ಅವಳದೇ ಸೂಜಿ, ಅವಳದೇ ಕೈ.

"ನಿಮ್ಮ ಬೀಬಿಯರಿಗೆ. ದಿನಾ ಹಾಕಿ. ಯಾರ ಕಣ್ಣೂ ಬೀಳ್ದಿರ್ಲಿ."

ಇಕ್ರೊಮ್ ಹಿಂದೆ ನಿಂತಿದ್ದವನು ಕೆಮ್ಮಲಾರಂಭಿಸಿದ. ಓಪಾ ಅವನತ್ತ ತಿರುಗಿ ನೋಡಿದ ನೋಟಕ್ಕೆ ಕೆಮ್ಮು ಅಲ್ಲೇ ನಿಂತಿತು. ತಂದ ಉಡುಗೊರೆ ತಿರಸ್ಕರಿಸುವ ಊರಲ್ಲ ಅದು. ಓಪಾ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ನಜೋಕತ್‌ಳ ಹಣೆಗೆ ಮುತ್ತಿಟ್ಟಳು. ಅವಳಿಗೆ ಚಹಾ ಕುಡಿಸಿ, ರೊಟ್ಟಿ ಮುರಿದುಕೊಟ್ಟು, ಬಸ್ಸಿನವರೆಗೂ ಕಳಿಸಿಬಂದಳು.

ಹಿಂತಿರುಗಿ ಬಂದವಳೇ ಸೊಂಟದ ಗೊಂಚಲಿನಿಂದ ಅತಿ ದೊಡ್ಡ ಬೀಗದಕೈ ಆರಿಸಿ, ಮೂಲೆಯ ಕಬ್ಬಿಣದ ಕಪಾಟು ತೆರೆದಳು. ಆಮ್ಲ, ಪಾಷಾಣ, ತಲೆಬುರುಡೆ ಅಂಟಿಸಿದ ಶೀಸೆಗಳ ನಡುವೆ ಜಾಗ ಮಾಡಿ, ಬಳ್ಳಿಯ ಪಟ್ಟಿ ನಲುಗದಂತೆ ಕಟ್ಟನ್ನು ನಿಲ್ಲಿಸಿದಳು. ಬಾಗಿಲಿನ ಒಳಮೈಗೆ ತೂಗುಹಾಕಿದ್ದ ವಿಷಗಳ ಪಟ್ಟಿಯ ಕೊನೆಗೆ, ದುಂಡಗಿನ ಅಕ್ಷರದಲ್ಲಿ, ಇನ್ನೊಂದು ಸಾಲು ಸೇರಿಸಿದಳು: "ಇಸಿರಿಕ್. ಒಂದು ಕಟ್ಟು. ಚುಸ್ತ್‌ನ ನಜೋಕತ್ ಪ್ರೀತಿಯಿಂದ ಕೊಟ್ಟದ್ದು. ಮುಕರ್ರಮ್‌ಳ ಕೈಗೆ ಕೊಡಕೂಡದು."

ಬೀಗ ಹಾಕಿ, ಎರಡು ಸಲ ಎಳೆದು ನೋಡಿ, ಆ ಬೀಗದಕೈಯನ್ನು ಗೊಂಚಲಿನಿಂದ ಬಿಡಿಸಿ ಇಕ್ರೊಮ್‌ನ ಮೇಜಿನ ಮೇಲಿಟ್ಟಳು.

"ಜೋಪಾನ" ಎಂದಳು. "ನಾನು ಕೇಳಿದ್ರೂ ಕೊಡ್ಬೇಡ. ನಂಗೆ ಆ ಮುಕರ್ರಮ್ ಮೇಲೆ ನಂಬಿಕೆ ಇಲ್ಲ."